ಹಿಡಿದ ಮೊಲಕ್ಕೆ ಎಷ್ಟು ಕಾಲು?



ಚಿತ್ರದುರ್ಗ ನಗರದ ಓರ್ವ ಗೃಹಿಣಿಯವರು ನಮಗೆ ಬರೆದ ಪತ್ರವೊಂದು ಕೆಲವು ದಿನಗಳಿಂದ ಮೇಜಿನ ಮೇಲಿದೆ. ಅದರ ಸಾರಾಂಶವಿಷ್ಟು: "ಮಕ್ಕಳ ಹಟಕ್ಕೆ ಒಂದು ಜೊತೆ ಮೊಲ ತಂದೆವು. ಎರಡೂ ಹೆಣ್ಣು ಎಂದು ಹೇಳಿ ಕೊಟ್ಟಿದ್ದರು. ಆರೇಳು ತಿಂಗಳಲ್ಲಿ ಹನ್ನೊಂದಾದವು. ಮನೆಯೆಲ್ಲ ಹಿಕ್ಕೆ, ವಾಸನೆ. ಪೂಜೆಗೆ ಕೂಡುವುದೇ ಕಷ್ಟವಾಗಿದೆಯೆಂದು ಅತ್ತೆಯವರು ಬೇಸರಿಸುತ್ತಾರೆ. ಇವನ್ನೆಲ್ಲ ಜೋಗಿಮಟ್ಟಿಯ ಕಾಡಿಗೆ ಬಿಟ್ಟು ಬಂದರೆ ಪಾಪವೋ ಪುಣ್ಯವೋ, ತಿಳಿಸಬೇಕು."

ಶಾಸ್ತ್ರ, ಆಚಾರ, ಸಂಸಾರಗಳ ವಿಷಯವಾಗಿ ಬರೆಯುವ ಈ ಅಂಕಣಕ್ಕೆ ಮೊಲದ ಪ್ರಶ್ನೆ ಬಂದುದನ್ನು ಕಂಡು ಕೆಲವರು ನಗಬಹುದು. ನಾವು ನಗಲಿಲ್ಲ. ಇದೇ ವಿಷಯದಲ್ಲಿ ನಮ್ಮಿಂದ ಒಂದು ತಪ್ಪು ನಡೆದುಹೋಗಿದೆ. ಅದನ್ನು ಮೊದಲು ಒಪ್ಪಿಕೊಂಡು ಬಳಿಕ ಉತ್ತರಕ್ಕೆ ತೊಡಗುವುದು ಉಚಿತವೆಂದು ತೋರುತ್ತದೆ.

ಮೂರು ವರ್ಷಗಳ ಹಿಂದಿನ ಮಾತು. ಫಾಲ್ಗುಣದ ದಿನಗಳಲ್ಲಿ ಜಾತ್ರೆಗೆ ಹೋಗಿದ್ದ ನಮ್ಮ ಮೊಮ್ಮಗಳು ಎರಡು ಬಿಳಿಯ ಮೊಲದ ಮರಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಬಂದಳು. ಮಾರಿದವನು ಒಂದು ತಂತಿಯ ಪಂಜರವನ್ನೂ ಕೊಟ್ಟು, "ಕ್ಯಾರೆಟ್ ಹಾಕಿದರೆ ಸಾಕು, ಮೊಲಕ್ಕೆ ನೀರು ಬೇಕಿಲ್ಲ" ಎಂದು ಹೇಳಿದ್ದನಂತೆ. ಆ ಮಾತನ್ನು ಪರಿಶೀಲಿಸಬೇಕೆಂದು ಮನೆಯಲ್ಲಿ ಯಾರಿಗೂ ಅನಿಸಲಿಲ್ಲ. ನಾವಂತೂ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಂದ್ರನಿಗೆ ಶಶಾಂಕನೆಂಬ ಹೆಸರು ಬಂದ ಬಗೆಯನ್ನೂ, ವಿಜಯನಗರ ಹುಟ್ಟಿದ ನೆಲದಲ್ಲಿ ಮೊಲವು ಬೇಟೆನಾಯಿಯನ್ನು ಬೆನ್ನಟ್ಟಿದ ಐತಿಹ್ಯವನ್ನೂ, ಇಲ್ಲದ ವಸ್ತುವಿಗೆ ಮೊಲದ ಕೋಡನ್ನು ಉದಾಹರಿಸುವ ತರ್ಕಶಾಸ್ತ್ರದ ಪದ್ಧತಿಯನ್ನೂ ಸೊಗಸಾಗಿ ವಿವರಿಸಿದೆವು. ಎದುರಿಗಿದ್ದ ಮೊಲವನ್ನು ಮಾತ್ರ ಕಣ್ಣಿಟ್ಟು ನೋಡಲಿಲ್ಲ.

ಪಂಜರವನ್ನು ಪಡುವಣ ಜಗುಲಿಯಲ್ಲಿ ತಗಡಿನ ಚಾವಣಿಯ ಕೆಳಗೆ ಇರಿಸಲಾಗಿತ್ತು. ಯುಗಾದಿ ಕಳೆದಿತ್ತು. ಕೋಟೆಯ ಬಂಡೆಗಳು ಹಗಲೆಲ್ಲ ಕಾದು ರಾತ್ರಿಯೂ ಬಿಸಿಯುಸಿರು ಬಿಡುವ ನಮ್ಮೂರಿನ ಬೇಸಗೆ ವಾಚಕರಿಗೆ ತಿಳಿಯದ್ದಲ್ಲ. ಒಂದು ಮಧ್ಯಾಹ್ನ ನಾವು ಒಳಗೆ ಓದುತ್ತ ಕುಳಿತಿದ್ದಾಗ ಜಗುಲಿಯಿಂದ ಧಬ್ ಧಬ್ ಎಂಬ ಸದ್ದು ಕೇಳಿಬಂತು. ಮೊಲವೊಂದು ಹಿಂಗಾಲಿನಿಂದ ಪಂಜರದ ತಳವನ್ನು ಬಡಿಯುತ್ತಿತ್ತು. ಓದಿಗೆ ಭಂಗವಾಯಿತೆಂದು ಬೇಸರಗೊಂಡ ನಾವು, "ಅದರ ಮೇಲೆ ಗೋಣಿಚೀಲ ಹೊದಿಸು, ಬಿಸಿಲೂ ತಾಗದು, ಸುಮ್ಮನೆಯೂ ಇರುತ್ತದೆ" ಎಂದು ಮೊಮ್ಮಗಳಿಗೆ ಹೇಳಿದೆವು. ಮಗು ಹಾಗೆಯೇ ಮಾಡಿತು. ಸದ್ದೂ ನಿಂತಿತು. ನಾಲ್ಕು ಗಂಟೆಗೆ ಚೀಲ ತೆಗೆದಾಗ ಒಂದು ಮೊಲ ಮಗ್ಗುಲಾಗಿ ಬಿದ್ದಿತ್ತು. ಇನ್ನೊಂದು ಬಾಯಿ ತೆರೆದು ಏದುಸಿರು ಬಿಡುತ್ತಿತ್ತು.

ಆ ಸಂಜೆ ಮೊಮ್ಮಗಳು ಕೇಳಿದ್ದು ಒಂದೇ ಪ್ರಶ್ನೆ: "ತಾತ, ಅದು ಕಾಲು ಬಡಿದದ್ದು ನಮ್ಮನ್ನ ಕರೆಯೋಕಾ?" ಹುಡುಗತನದಿಂದಲೂ ಗ್ರಂಥಗಳ ನಡುವೆಯೇ ಬೆಳೆದ ನಮ್ಮಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅಪಾಯವನ್ನು ಅರಿತ ಮೊಲವು ಹಿಂಗಾಲಿನಿಂದ ನೆಲವನ್ನು ಬಡಿದು ತನ್ನವರನ್ನು ಎಚ್ಚರಿಸುತ್ತದೆಂಬುದನ್ನು ಆಮೇಲೆ ತಿಳಿದೆವು.

ಮೊಲಕ್ಕೆ ನಮ್ಮಂತೆ ಬೆವರುವ ಶಕ್ತಿಯಿಲ್ಲ. ನಾಯಿಯಂತೆ ನಾಲಿಗೆ ಚಾಚಿ ತಂಪಾಗುವುದೂ ಅದಕ್ಕೆ ಸರಿಯಾಗಿ ಬಾರದು. ದೇಹದ ಉಷ್ಣವನ್ನು ಮುಖ್ಯವಾಗಿ ಅಗಲವಾದ ಕಿವಿಗಳ ರಕ್ತನಾಳಗಳ ಮೂಲಕ ಹೊರಹಾಕುತ್ತದೆ. ಅದಕ್ಕೆ ಹಿತವಾದುದು 15ರಿಂದ 21 ಡಿಗ್ರಿ ಸೆಲ್ಸಿಯಸ್. 30 ಡಿಗ್ರಿಯ ಆಸುಪಾಸಿಗೆ ಬಂದರೆ ಸಂಕಟ ಆರಂಭವಾಗುತ್ತದೆ. 40 ಡಿಗ್ರಿಯ ಸಮೀಪಕ್ಕೆ ಏರುವ ನಮ್ಮ ಬೇಸಗೆಯಲ್ಲಿ ಕಾದ ತಗಡಿನ ಕೆಳಗೆ, ಗಾಳಿಗೆ ಅಡ್ಡವಾಗಿ ಚೀಲ ಹೊದಿಸಿ, ನೀರಿಲ್ಲದೆ ಇಡುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮೊಲಕ್ಕೆ ನೀರು ಬೇಡವೆಂಬುದು ಶುದ್ಧ ಅಪನಂಬಿಕೆ. ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನವೊಂದಕ್ಕೆ 50ರಿಂದ 150 ಮಿಲಿಲೀಟರ್ ನೀರನ್ನು ಅದು ಕುಡಿಯುತ್ತದೆ. ನಾವು ಚೀಲ ಹೊದಿಸಿದ್ದು ಕೇಡು ಬಗೆದು ಅಲ್ಲ. ಆದರೆ ಜೀವಿಯ ಸ್ವಭಾವವನ್ನು ಅರಿಯದೆ ತೋರಿದ ಕರುಣೆಯೂ ಅದರ ಕೊರಳನ್ನು ಬಿಗಿಯಬಲ್ಲುದು. ಈ ಲೇಖನದಲ್ಲಿ ನಾವು ಹೇಳಬೇಕಾದುದು ಇದೊಂದೇ. ಉಳಿದುದೆಲ್ಲ ಇದರ ವಿವರ.

ಹಾಗಾದರೆ ಮೊಲದ ಸ್ವಭಾವವೇನು? ಮೊದಲು ಒಂದು ಭೇದವನ್ನು ಗಮನಿಸಬೇಕು. ನಮ್ಮ ಹಿರಿಯೂರು, ಹೊಳಲ್ಕೆರೆಗಳ ಹೊಲದ ಬದುಗಳಲ್ಲಿ ಜಿಗಿದೋಡುವ ಕಂದು ಮೊಲವೂ, ಪಂಜರದಲ್ಲಿಟ್ಟು ಮಾರುವ ಮೊಲವೂ ಒಂದೇ ಜಾತಿಯವಲ್ಲ. ಕನ್ನಡದಲ್ಲಿ ಎರಡನ್ನೂ ಮೊಲವೆಂದೇ ಕರೆಯುವುದರಿಂದ ಭ್ರಮೆಯಾಗುತ್ತದೆ. ಕತ್ತಿನ ಹಿಂದೆ ಕಪ್ಪು ಪಟ್ಟೆಯುಳ್ಳ ನಮ್ಮ ಕಾಡುಮೊಲ ಬಿಲ ತೋಡದು. ಹುಲ್ಲಿನ ಮರೆಯ ತಗ್ಗಿನಲ್ಲಿ ಹುಟ್ಟುವ ಅದರ ಮರಿಗೆ ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು. ತಾಯಿ ದಿನಕ್ಕೊಮ್ಮೆ ಮಾತ್ರ, ಕತ್ತಲಾಗುವ ಹೊತ್ತಿಗೆ ಬಂದು ಹಾಲೂಡಿಸಿ ಹೋಗುತ್ತದೆ. ಆದಕಾರಣ ಹೊಲದಲ್ಲಿ ಒಂಟಿಯಾಗಿ ಕಂಡ ಮರಿ ಅನಾಥವೆಂದು ತಿಳಿದು ಮನೆಗೆ ತರಲಾಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಕಾಡುಮೊಲವನ್ನು ಹಿಡಿಯುವುದೂ ಸಾಕುವುದೂ ಅಪರಾಧ.

ಸಾಕುಮೊಲದ ಮೂಲವೋ ದೂರದ ಸ್ಪೇನ್, ಪೋರ್ಚುಗಲ್ ಸೀಮೆ. ಅದು ನೆಲದೊಳಗೆ ಬಿಲ ತೋಡಿ ಗುಂಪಾಗಿ ಬದುಕುವ ಪ್ರಾಣಿ. ಅದರ ಮರಿ ಹುಟ್ಟುವುದು ಕಣ್ಣು ಮುಚ್ಚಿಕೊಂಡು, ಬತ್ತಲೆಯಾಗಿ. ಬಿಲವಾಸಿಯಾದುದರಿಂದಲೇ ಅದಕ್ಕೆ ತಂಪು ಬೇಕು, ಅಡಗಿಕೊಳ್ಳಲು ಕತ್ತಲೆಯ ಎಡೆ ಬೇಕು, ಜೊತೆಗಾರ ಬೇಕು. ಬಿಲವಾಸಿಯಾದುದರಿಂದಲೇ ಕಂಡಕಂಡಲ್ಲಿ ಹೊಲಸು ಮಾಡದೆ ಗೊತ್ತಾದ ಕೆಲವು ಜಾಗಗಳಲ್ಲಿ ಮಲಮೂತ್ರ ವಿಸರ್ಜಿಸುವ ಶೌಚಗುಣವೂ ಅದಕ್ಕೆ ಹುಟ್ಟಿನಿಂದ ಬಂದಿದೆ. ಮೊಲಕ್ಕೆ ಶೌಚವನ್ನು ನಾವು ಕಲಿಸಬೇಕಿಲ್ಲ. ಅದು ಆರಿಸಿದ ಜಾಗವನ್ನು ಗುರುತಿಸಲು ನಾವು ಕಲಿಯಬೇಕು.

ಇದು ನಮ್ಮೊಬ್ಬರ ಕಂಡುಹಿಡಿಕೆಯಲ್ಲ. ತಂತಿಯ ಪಂಜರವು ಮಾಂಸಕ್ಕಾಗಿ ಮೊಲ ಸಾಕುವವರ ಅನುಕೂಲದಿಂದ ಬಂದ ವ್ಯವಸ್ಥೆ. ಹಿಕ್ಕೆ ಕೆಳಗೆ ಉದುರಿದರೆ ಗುಡಿಸುವ ಶ್ರಮ ತಪ್ಪುತ್ತದೆಂಬುದಷ್ಟೇ ಅದರ ಲಾಭ. ನಾಯಿಗಿರುವಂತೆ ಮೊಲದ ಅಂಗಾಲಿಗೆ ಮೆತ್ತೆಯಿಲ್ಲ, ಕೂದಲಷ್ಟೇ ಇದೆ. ತಂತಿಯ ಮೇಲೆ ನಿಂತು ನಿಂತು ಹಿಂಗಾಲುಗಳು ಹುಣ್ಣಾಗುತ್ತವೆ. ಅಮೆರಿಕದ ಮ್ಯಾರಿನೆಲ್ ಹ್ಯಾರಿಮನ್ ಎಂಬ ಮಹಿಳೆ, ಮೊಲವನ್ನು ಬೆಕ್ಕಿನಂತೆ ಮನೆಯೊಳಗೆ ಬಿಡುಬೀಸಾಗಿ ಸಾಕುವ ಬಗೆಯನ್ನು ಕುರಿತು 1985ರಲ್ಲಿ ಒಂದು ಕೈಪಿಡಿ ಬರೆದರು. 1988ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅದಕ್ಕಾಗಿಯೇ ಹೌಸ್ ರ್‍ಯಾಬಿಟ್ ಸೊಸೈಟಿ ಎಂಬ ಸಂಸ್ಥೆಯೂ ಸ್ಥಾಪನೆಗೊಂಡಿತು. ಅಂದಿನಿಂದ ಅನೇಕ ದೇಶಗಳ ಮನೆಗಳಲ್ಲಿ ಈ ಕ್ರಮ ರೂಢಿಗೆ ಬಂದಿದೆ.

ಉಳಿದ ಮೊಲವನ್ನು ಒಳಗೆ ತರುವುದೆಂದಾಗ ನಮ್ಮ ಮನೆಯವರು ಒಪ್ಪಲಿಲ್ಲ. "ದೇವರ ಮನೆಗೆ ಅದು ನುಗ್ಗಿದರೆ ಯಾರು ತೊಳೆಯೋರು?" ಎಂಬುದು ಅವರ ನ್ಯಾಯವಾದ ಪ್ರಶ್ನೆ. ಕೊನೆಗೆ ನಡುಮನೆಯ ಒಂದು ಮೂಲೆಯನ್ನು ಮಾತ್ರ ಅಡ್ಡಪಟ್ಟಿ ಕಟ್ಟಿ ಬಿಟ್ಟುಕೊಡುವುದೆಂದೂ, ಒಂದು ತಿಂಗಳೊಳಗೆ ಮೊಲ ಶುಚಿತ್ವ ಕಲಿಯದಿದ್ದರೆ ಬೇರೆ ವ್ಯವಸ್ಥೆ ನೋಡುವುದೆಂದೂ ತೀರ್ಮಾನವಾಯಿತು. ಹಳೆಯ ಮಾಳಿಗೆ ಮನೆಯ ಭಾಗವಾದ್ದರಿಂದ ಆ ಮೂಲೆ ಹೊಸ ಆರ್‌ಸಿಸಿ ಕೋಣೆಗಳಿಗಿಂತ ತಂಪು. ನುಣುಪಾದ ಕಡಪಾ ಕಲ್ಲಿನ ಮೇಲೆ ಕಾಲು ಜಾರದಂತೆ ಚಾಪೆ ಹಾಸಿದೆವು. ಒಡೆದ ಬಾಯಿಯ ಹಳೆಯ ಮಣ್ಣಿನ ಗುಡಾಣವೊಂದನ್ನು, ಚೂಪಾದ ಅಂಚನ್ನು ಉಜ್ಜಿ ಸಮ ಮಾಡಿ, ಅಡ್ಡ ಮಲಗಿಸಿದೆವು. ಮೊಲ ಅದನ್ನೇ ಬಿಲವೆಂದು ಬಗೆದು ಹೊಕ್ಕು ಮಲಗಿತು. ಭಾರವಾದ ಪಿಂಗಾಣಿ ಬಟ್ಟಲಲ್ಲಿ ಸದಾ ನೀರು. ಅದರ ಹಲ್ಲು ಬಾಳಿನುದ್ದಕ್ಕೂ ಬೆಳೆಯುವುದರಿಂದ ಸಿಕ್ಕಿದ್ದನ್ನು ಕಡಿಯದೆ ಬಿಡದು. ವಿದ್ಯುತ್ ತಂತಿಗಳನ್ನೆಲ್ಲ ಪಿವಿಸಿ ಪೈಪಿನೊಳಗೆ ತೂರಿಸಿದೆವು.

ಇನ್ನು ಶೌಚದ ತೊಟ್ಟಿ. ಗಾರೆ ಕೆಲಸದವರು ಬಳಸುವ ಪ್ಲಾಸ್ಟಿಕ್ ಬಾಂಡಲಿಯಷ್ಟು ಅಗಲದ, ಮೊಲ ಮೈಚಾಚಿ ಕೂಡುವಷ್ಟು ದೊಡ್ಡದಾದ, ಹತ್ತಲು ಇಳಿಯಲು ಸುಲಭವಾದ ಗಿಡ್ಡ ಅಂಚಿನ ಟಬ್ಬೊಂದು ಸಾಕು. ತಳಕ್ಕೆ ಹಳೆಯ ದಿನಪತ್ರಿಕೆಯ ಏಳೆಂಟು ಪದರ, ಅದರ ಮೇಲೆ ಒಣಹುಲ್ಲು. ಮರದ ಮಿಲ್ಲಿನ ಹೊಟ್ಟು ಬೇಡ. ಅದರ ಧೂಳೂ ಕೆಲವು ಮರಗಳ ಘಾಟೂ ಮೊಲದ ಉಸಿರಿಗೆ ಕೆಡುಕು. ಬೆಕ್ಕಿಗೆಂದು ಮಾರುವ, ನೀರು ತಾಗಿದರೆ ಗಟ್ಟಿಯಾಗುವ ಮಣ್ಣೂ ಬೇಡ. ಮೊಲ ಅದನ್ನು ತಿಂದರೆ ಕರುಳು ಕಟ್ಟುತ್ತದೆ. ಟಬ್ಬಿನ ಒಂದು ತುದಿಗೆ ತಿನ್ನುವ ಹುಲ್ಲಿನ ಕಟ್ಟನ್ನು ತೂಗುಹಾಕಬೇಕು. ಮೊಲಕ್ಕೆ ಮೇಯುತ್ತಲೇ ಹಿಕ್ಕೆ ಹಾಕುವ ಅಭ್ಯಾಸ. ಹುಲ್ಲು ಎಲ್ಲಿದೆಯೋ ಅಲ್ಲಿಯೇ ಅದರ ಶೌಚ. ಅರ್ಧ ಕೆಲಸ ಇಷ್ಟರಿಂದಲೇ ಮುಗಿಯುತ್ತದೆ.

ಮೊದಲ ವಾರ ನಾವು ಟಬ್ಬನ್ನು ಬಾಗಿಲ ಪಕ್ಕದಲ್ಲಿ, ನಮಗೆ ಅನುಕೂಲವಾದಲ್ಲಿ ಇಟ್ಟೆವು. ಮೊಲ ಅತ್ತ ಸುಳಿಯಲಿಲ್ಲ. ಗೋಡೆಯ ಮೂಲೆಯಲ್ಲಿದ್ದ ನಮ್ಮ ಪುಸ್ತಕದ ಕಪಾಟಿನ ಬುಡದಲ್ಲಿಯೇ ಮೂತ್ರ ಮಾಡಿತು. ಕೆಳಗಿರಿಸಿದ್ದ ಪುಸ್ತಕದ ಕಟ್ಟೊಂದು ತೊಯ್ದಾಗ ನಾವು ಗಟ್ಟಿಯಾಗಿ ಗದರಿದೆವು. ಅದು ಗುಡಾಣ ಹೊಕ್ಕು ಎರಡು ದಿನ ನಾವಿದ್ದ ಹೊತ್ತಿನಲ್ಲಿ ಹೊರಗೆ ಬರಲಿಲ್ಲ. ಗದರುವುದರಿಂದ ಮೊಲ ಕಲಿಯುವುದು ಹೆದರಿಕೆಯನ್ನು ಮಾತ್ರ. ಆಗ ಮೊಮ್ಮಗಳು, "ಅದಕ್ಕೆ ಆ ಮೂಲೆ ಬೇಕು ತಾತ. ಟಬ್ಬನ್ನೇ ಅಲ್ಲಿಗೆ ಇಡೋಣ" ಎಂದಳು. ಪುಸ್ತಕಗಳನ್ನು ಮೇಲಿನ ಅಂತಸ್ತಿಗೆ ಏರಿಸಿ, ಟಬ್ಬನ್ನು ಕಪಾಟಿನ ಬುಡಕ್ಕೆ ಸರಿಸಿ, ಮೂತ್ರ ಒರೆಸಿದ ಕಾಗದವನ್ನೂ ಹತ್ತೆಂಟು ಹಿಕ್ಕೆಗಳನ್ನೂ ಅದರೊಳಗೆ ಹಾಕಿದೆವು. ಹೊರಗೆ ಒದ್ದೆಯಾದ ಜಾಗವನ್ನು ನೀರು ಬೆರೆಸಿದ ವಿನೆಗರ್‌ನಿಂದ ತೊಳೆದು ವಾಸನೆ ಕಳೆದೆವು. ಮರುದಿನವೇ ಮೊಲ ಟಬ್ಬಿನೊಳಗೆ ಹೋಗಿ ಕುಳಿತಿತು. ಮೂರು ವಾರಗಳಲ್ಲಿ ಮೂತ್ರವೆಲ್ಲ ಟಬ್ಬಿನಲ್ಲಿಯೇ ಆಗತೊಡಗಿತು. ಮೂಲೆಯಲ್ಲಿ ಪಳಗಿದ ಮೇಲೆ ಅಡ್ಡಪಟ್ಟಿಯನ್ನು ದಿನಕ್ಕಿಷ್ಟು ಹಿಂದೆ ಸರಿಸಿ ನಡುಮನೆಯನ್ನು ಬಿಟ್ಟುಕೊಟ್ಟೆವು. ಮೊದಲ ದಿನವೇ ಮನೆಯೆಲ್ಲ ಬಿಟ್ಟರೆ ಅದಕ್ಕೆ ದಿಕ್ಕು ತಪ್ಪುತ್ತದೆ. "ಮೊಲ ಕಲಿತದ್ದು ಒಂದೇ ದಿನಕ್ಕೆ. ನೀವು ಕಲಿಯೋಕೆ ಒಂದು ವಾರ ಬೇಕಾಯ್ತು" ಎಂದು ಮನೆಯವರು ನಕ್ಕರು. ನಾವು ಮರುಮಾತಾಡಲಿಲ್ಲ.

ಆದರೂ ಅಲ್ಲೊಂದು ಇಲ್ಲೊಂದು ಒಣಹಿಕ್ಕೆ ಬೀಳುವುದುಂಟು. ಅದು ತನ್ನ ಎಲ್ಲೆಯನ್ನು ಗುರುತಿಸುವ ಕ್ರಮ. ಬೇಳೆಕಾಳಿನಂತೆ ಒಣಗಿದ, ವಾಸನೆಯಿಲ್ಲದ ಆ ಹಿಕ್ಕೆಯನ್ನು ಗುಡಿಸಿ ತುಳಸಿ, ದಾಸವಾಳಗಳ ಬುಡಕ್ಕೆ ನೇರವಾಗಿ ಹಾಕಬಹುದು, ಒಳ್ಳೆಯ ಗೊಬ್ಬರ. ವಾಸನೆ ಹುಟ್ಟುವುದು ಮೂತ್ರದಿಂದ. ದಿನ ಬಿಟ್ಟು ದಿನ ಕಾಗದ ಬದಲಿಸಿ, ವಾರಕ್ಕೊಮ್ಮೆ ಟಬ್ ತೊಳೆದರೆ ಅದೂ ಇರದು. ತಿಂದ ಸೊಪ್ಪಿನ ಬಣ್ಣದಿಂದ ಮೂತ್ರ ಕೆಂಪಗೆ ಕಾಣುವುದುಂಟು; ಅದು ಯಾವಾಗಲೂ ರಕ್ತವೇ ಆಗಿರಬೇಕಿಲ್ಲ. ಮೊಲವು ಒಂದು ಬಗೆಯ ಮೆತ್ತನೆಯ ಹಿಕ್ಕೆಯನ್ನು ಬಾಯಿಯಿಟ್ಟು ತಿನ್ನುವುದನ್ನು ಕಂಡು ನಮ್ಮ ಸೊಸೆ ಅಸಹ್ಯಪಟ್ಟಿದ್ದಳು. ಅದು ಹೊಲಸಲ್ಲ. ಹಸು ಮೆಲುಕು ಹಾಕುವಂತೆ, ಒಮ್ಮೆ ಕರುಳು ಹಾದುಬಂದ ಸತ್ವವನ್ನು ಎರಡನೆಯ ಬಾರಿ ಜೀರ್ಣಿಸಿಕೊಳ್ಳುವ ಅದರ ಕ್ರಮ. ಚೆನ್ನಾಗಿ ಪಳಗಿದ ಮೊಲ ಒಮ್ಮೆಲೆ ಟಬ್ ಬಿಟ್ಟು ಹೊರಗೆ ಮೂತ್ರ ಮಾಡತೊಡಗಿದರೆ ಮೂತ್ರಕೋಶದ ತೊಂದರೆಯೋ ಕೀಲುನೋವೋ ಇದೆಯೆಂದು ಶಂಕಿಸಿ ಪಶುವೈದ್ಯರಿಗೆ ತೋರಿಸಬೇಕು.

ಆಹಾರದ ವಿಷಯವೂ ಇದಕ್ಕೆ ಸೇರಿದ್ದೇ. ಹೊಟ್ಟೆ ಸರಿಯಿಲ್ಲದ ಮೊಲಕ್ಕೆ ಶುಚಿತ್ವ ಸಾಧ್ಯವಿಲ್ಲ. ಊಟದ ಬಹುಪಾಲು ಒಣಹುಲ್ಲು, ಗರಿಕೆಗಳೇ ಆಗಿರಬೇಕು. ಕೊತ್ತಂಬರಿಯಂಥ ಸೊಪ್ಪು ಜೊತೆಗಿಷ್ಟು. ಕ್ಯಾರೆಟ್, ಬಾಳೆಹಣ್ಣುಗಳಲ್ಲಿ ಸಿಹಿ ಹೆಚ್ಚು. ಮಕ್ಕಳಿಗೆ ಮಿಠಾಯಿ ಕೊಡುವಂತೆ ಅಪರೂಪಕ್ಕೊಂದು ತುಣುಕು ಸಾಕು. ಅನ್ನ, ಬಿಸ್ಕತ್ತು, ಬೆಲ್ಲ ಬೇಡವೇ ಬೇಡ. ಮೊಲಕ್ಕೆ ವಾಂತಿ ಮಾಡಲು ಬಾರದು. ಹನ್ನೆರಡು ಗಂಟೆಗಳ ಕಾಲ ಅದು ತಿನ್ನದೆ, ಹಿಕ್ಕೆ ಹಾಕದೆ ಕುಳಿತರೆ ನಾಳೆಯವರೆಗೆ ಕಾಯಬಾರದು. ಮನೆಯ ಮಾತ್ರೆಗಳನ್ನು ಕೊಡಲೇಬಾರದು. ಪೆನಿಸಿಲಿನ್ ಗುಂಪಿನ ಔಷಧವನ್ನು ಬಾಯಿಯ ಮೂಲಕ ಕೊಟ್ಟರೆ ಮೊಲಕ್ಕೆ ಪ್ರಾಣಾಂತಿಕ. ಬೇಸಗೆಯಲ್ಲಿ ನೀರು ಹೆಪ್ಪುಗಟ್ಟಿಸಿದ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಡಬಹುದು. ಮೊಲ ಬಿಸಿಲಿಗೆ ಬಳಲಿದರೆ ನೆರಳಿಗೆ ಒಯ್ದು ಕಿವಿಗಳನ್ನು ತಣ್ಣೀರಿನ ಬಟ್ಟೆಯಿಂದ ಒರೆಸಬೇಕು, ನೀರಿನಲ್ಲಿ ಮುಳುಗಿಸಬಾರದು. ಕಿವಿ ಹಿಡಿದು ಎತ್ತಬಾರದು. ಎದೆಗೂ ಹಿಂಭಾಗಕ್ಕೂ ಕೈಯಾನಿಸಿ ಎತ್ತಬೇಕು. ಹಿಂಗಾಲು ಆಧಾರ ತಪ್ಪಿ ಒದ್ದುಕೊಂಡರೆ ಅದರ ಬೆನ್ನುಮೂಳೆಯೇ ಮುರಿಯುತ್ತದೆ.

ಈಗ ಪತ್ರ ಬರೆದ ತಾಯಿಯ ಪ್ರಶ್ನೆಗೆ ಬರೋಣ. ಅಮ್ಮಾ, ಕಾಡಿಗೆ ಬಿಡುವುದು ಪುಣ್ಯವಲ್ಲ. ಚಿರತೆ, ನರಿಗಳಿರುವ ಜೋಗಿಮಟ್ಟಿಯಲ್ಲಿ ಬಿಳಿಯ ಮೈಯ ಸಾಕುಮೊಲ ದೂರದಿಂದಲೇ ಕಾಣುತ್ತದೆ. ಅಡಗಲು ಬಿಲವಿಲ್ಲ, ಅನುಭವವೂ ಇಲ್ಲ. ಬಹುಶಃ ಒಂದೆರಡು ರಾತ್ರಿಯೂ ಉಳಿಯಲಾರದು. ಎಲ್ಲಿಯಾದರೂ ಉಳಿದರೆ ಅದು ಬೇರೊಂದು ಕೇಡು. 1859ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯ ಮೋಜಿಗೆಂದು ಸುಮಾರು ಎರಡು ಡಜನ್ ಮೊಲಗಳನ್ನು ತರಿಸಿ ಬಿಟ್ಟ. ಅವುಗಳ ಸಂತಾನ ಆ ಖಂಡದ ಹುಲ್ಲುಗಾವಲುಗಳನ್ನೇ ನುಂಗಿಹಾಕಿತು. ಅದನ್ನು ತಡೆಯಲು 1950ರಲ್ಲಿ ಸರಕಾರವು ಮೊಲಗಳಲ್ಲಿ ರೋಗವನ್ನೇ ಹರಡಬೇಕಾಗಿ ಬಂತು.

ತಾವು ಇಂದೇ ಮಾಡಬೇಕಾದ ಕೆಲಸವೆಂದರೆ ಗಂಡು ಹೆಣ್ಣುಗಳನ್ನು ಬೇರೆ ಬೇರೆ ಇರಿಸುವುದು. ಮೊಲದ ಗರ್ಭಾವಧಿ ಸುಮಾರು 31 ದಿನ. ಈದ ದಿನವೇ ಅದು ಮತ್ತೆ ಗರ್ಭ ಧರಿಸಬಲ್ಲುದು. ನಾಲ್ಕು ತಿಂಗಳಿಗೆ ಮರಿಗಳೂ ತಾಯ್ತನಕ್ಕೆ ಬರಬಹುದು. ಎರಡನೆಯದಾಗಿ, ಮೊಲದ ಚಿಕಿತ್ಸೆಯಲ್ಲಿ ಪಳಗಿದ ಪಶುವೈದ್ಯರನ್ನು ವಿಚಾರಿಸಿ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಿರಿ. ನಮ್ಮ ಮೊಲವನ್ನು ಅದಕ್ಕಾಗಿ ದೂರದ ಊರಿಗೆ ಒಯ್ಯಬೇಕಾಯಿತು, ಆದರೂ ಸಾರ್ಥಕವಾಯಿತು. ಪ್ರಾಯಕ್ಕೆ ಬಂದ ಮೊಲ ಅಲ್ಲಲ್ಲಿ ಮೂತ್ರ ಸಿಂಪಡಿಸುವುದು ಇದರಿಂದ ಬಹುಮಟ್ಟಿಗೆ ನಿಲ್ಲುತ್ತದೆ. ಹೆಣ್ಣುಮೊಲಗಳಿಗೆ ವಯಸ್ಸಾದಂತೆ ಹೆಚ್ಚಾಗಿ ಬರುವ ಗರ್ಭಕೋಶದ ಕ್ಯಾನ್ಸರೂ ತಪ್ಪುತ್ತದೆ. ಮೂರನೆಯದಾಗಿ, ಸಾಕಲಾಗದಷ್ಟನ್ನು ನಿಜವಾಗಿ ಸಾಕಬಲ್ಲ ಮನೆಗಳಿಗೆ, ಈ ವಿಷಯಗಳನ್ನೆಲ್ಲ ತಿಳಿಸಿ ಕೊಡಿರಿ. ಉಳಿದ ಜೋಡಿಗೆ ಒಂದು ಮೂಲೆ, ಒಂದು ಗುಡಾಣ, ಒಂದು ಟಬ್ ಒದಗಿಸಿರಿ. ತಮ್ಮ ಅತ್ತೆಯವರ ಪೂಜೆಗೆ ತೊಡಕಾಗದು. ನಮ್ಮ ಮನೆಯಲ್ಲಿಯೂ ದೇವರ ಮನೆಯ ಹೊಸ್ತಿಲಿಗೆ ಒಂದು ಮೊಳದ ಹಲಗೆ ಅಡ್ಡವಿಟ್ಟಿದ್ದೇವೆ. ಅಷ್ಟರಿಂದಲೇ ಎಲ್ಲರಿಗೂ ಸಮಾಧಾನವಾಗಿದೆ.

ಇನ್ನೂ ಮೊಲ ತಾರದಿರುವ ಮನೆಗಳವರಿಗೆ ಒಂದು ಮಾತು. ಚೆನ್ನಾಗಿ ನೋಡಿಕೊಂಡರೆ ಮೊಲ ಎಂಟು ಹತ್ತು ವರ್ಷ ಬಾಳುತ್ತದೆ. ಇಂದು ಹಟ ಹಿಡಿದ ಮಗು ಅಷ್ಟರಲ್ಲಿ ಕಾಲೇಜಿಗೆ ಹೋಗಿರುತ್ತದೆ. ಆಗಲೂ ಹುಲ್ಲು ಹಾಕುವವರು ಯಾರೆಂದು ಮೊದಲೇ ನಿಶ್ಚಯಿಸಿಕೊಂಡು ಜಾತ್ರೆಗೆ ಹೋಗುವುದು ಮೇಲು.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆಯನ್ನು ನಾವು ಬೇರೆಯವರ ಮೊಂಡುತನವನ್ನು ಹೇಳಲು ಎಷ್ಟೋ ಸಲ ಬಳಸಿದ್ದೇವೆ. ಅದು ನಮಗೇ ಅನ್ವಯಿಸಿದ್ದು ಆ ಚೈತ್ರದ ಸಂಜೆ. ಮೊಲವೆಂದರೆ ಪಂಜರ, ಮೊಲವೆಂದರೆ ಕ್ಯಾರೆಟ್, ಮೊಲವೆಂದರೆ ಕಥೆ ಎಂದು ನಿಶ್ಚಯಿಸಿಕೊಂಡಿದ್ದ ನಾವು ಅದರ ನಾಲ್ಕನೆಯ ಕಾಲನ್ನು ಎಣಿಸಲೇ ಇಲ್ಲ. ನೆಲ ಬಡಿದು ಕರೆದದ್ದು ಬಹುಶಃ ಆ ಕಾಲೇ.

ಈಗಲೂ ಒಮ್ಮೊಮ್ಮೆ ಮಧ್ಯಾಹ್ನ ನಡುಮನೆಯಿಂದ ಧಬ್ ಎಂಬ ಸದ್ದು ಬರುತ್ತದೆ. ಹೆಚ್ಚಿನ ಸಲ ಕಿಟಕಿಯಲ್ಲಿ ಬೆಕ್ಕೊಂದು ಇಣುಕಿರುತ್ತದೆ, ಅಷ್ಟೇ. ಆದರೂ ನಾವು ಪುಸ್ತಕ ಮಡಚಿಟ್ಟು, ಎದ್ದು ಹೋಗಿ ನೋಡಿ ಬರುತ್ತೇವೆ.